ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ನಂತರ ಅದು ಕನ್ನಡ ಓದಲು ಬಾರದ ಕನ್ನಡದ ಮಕ್ಕಳ ಕೈಗೂ ತಲುಪಿತು. ಅದರ ಬಗ್ಗೆ ಬಂದ ವಿಮರ್ಶೆಗಳ ಒಟ್ಟು ಸಾರವನ್ನು ಒಂದು ಸಾಲಿನಲ್ಲಿ ಹೇಳುವುದಾದರೆ ಹೀಗೆ: ಬಡವರಾಗಿದ್ದಾಗ ಒಗ್ಗಟ್ಟಾಗಿದ್ದ ಒಂದು ಸಂಸಾರ, ವ್ಯಾಪಾರದಿಂದ ದಿಢೀರನೆ ಹಣ ಬಂದ ಮೇಲೆ ಒಳಗಿಂದ ಕೆಟ್ಟುಹೋಯಿತು. ಈ ಓದು ತಪ್ಪೇನಲ್ಲ. ಆದರೆ ನಾಸಿಕ್ ರೋಡಿನಲ್ಲಿ ಕೂತು ಓದುವವರಿಗೆ ಅದು ಸಾಲುವುದಿಲ್ಲ. ನಮ್ಮ ಸುತ್ತಲಿನ ಕನ್ನಡದ ಮನೆಗಳಲ್ಲಿ ಅರ್ಧದಷ್ಟು ಮನೆಗಳಾದರೂ ಒಂದು ಗಲ್ಲಾಪೆಟ್ಟಿಗೆಯ ಮೇಲೆ ನಿಂತಿವೆ. ಹಣವೇ ಮನೆ ಕೆಡಿಸುತ್ತದೆ ಎಂದು ಅವರಿಗೆ ಹೇಳಿದರೆ ನಕ್ಕು, ಒಂದು ಕಾಫಿ ಕೊಟ್ಟು ಕಳಿಸುತ್ತಾರೆ.

ಈ ಊರಿನ ಬಗ್ಗೆ ಎರಡು ಮಾತು ಹೇಳಬೇಕು. ನಾಸಿಕ್ ರೋಡ್ ಎಂದರೆ ರೈಲ್ವೆ ಸ್ಟೇಷನ್ನಿನ ಸುತ್ತ ಬೆಳೆದ ಊರು. ಇಲ್ಲಿ 1920ರ ದಶಕದಿಂದ ಸರ್ಕಾರಿ ಮುದ್ರಣಾಲಯವಿದೆ. ಅಂಚೆ ಚೀಟಿ, ಸ್ಟ್ಯಾಂಪ್ ಪೇಪರು, ಪಾಸ್‌ಪೋರ್ಟು ಒಂದು ಕಡೆ, ಕರೆನ್ಸಿ ನೋಟು ಇನ್ನೊಂದು ಕಡೆ ಅಚ್ಚಾಗುತ್ತವೆ. 'ಪ್ರೆಸ್ಸಿನಲ್ಲಿ ನೌಕರಿ' ಎನ್ನುವುದು ಇಲ್ಲಿಯ ಮರಾಠಿ ಮನೆಗಳಲ್ಲಿ ಮದುವೆಗೆ ಮೊದಲು ಕೇಳುವ ಅರ್ಹತೆಯಾಗಿತ್ತು. ಅದೇ ರಸ್ತೆಗಳ ಅಂಚಿನಲ್ಲಿ ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಬಂದವರ ಹೋಟೆಲುಗಳು. ಓದಿದವನಿಗೆ ತಿಂಗಳ ಸಂಬಳ, ಓದದವನಿಗೆ ದಿನದ ಗಲ್ಲಾ ಎನ್ನುವ ಗೆರೆ ಇಲ್ಲಿ ಬಹಳ ಕಾಲ ಸ್ಪಷ್ಟವಾಗಿತ್ತು. ಈಗ ಅದು ಅಳಿಸಿಹೋಗಿದೆ. ಎಂಜಿನಿಯರಿಂಗ್ ಮುಗಿಸಿದ ಹುಡುಗನ ಮೊದಲ ಸಂಬಳಕ್ಕಿಂತ ಅವನ ಅಪ್ಪನ ಹೋಟೆಲಿನ ಒಂದು ವಾರದ ವಹಿವಾಟು ದೊಡ್ಡದಿರಬಹುದು. ಹಾಗಾಗಿ ಪ್ರತಿ ವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ, ರಾತ್ರಿ ಶಟರ್ ಎಳೆದ ಮೇಲೆ ಅದೇ ಮಾತು ನಡೆಯುತ್ತದೆ: ಕಾಲೇಜಿಗೆ ಸುರಿಯುವ ಆ ಲಕ್ಷಗಳನ್ನು ಎರಡನೆಯ ಬ್ರಾಂಚಿಗೆ ಹಾಕಿದರೆ ಏನು? ಮನೆಯವರೆಲ್ಲ ಸೇರಿ ಮಾಡಿದರೆ ಏನು?

ಈ ಪ್ರಶ್ನೆಯನ್ನು ಇಟ್ಟುಕೊಂಡು 'ಘಾಚರ್ ಘೋಚರ್' ಓದಿದರೆ ಬೇರೊಂದು ಪುಸ್ತಕ ಕಾಣಿಸುತ್ತದೆ.

ಕತೆ ಗೊತ್ತಿರುವವರೂ ಒಮ್ಮೆ ನೆನಪಿಸಿಕೊಳ್ಳಲಿ. ನಿರೂಪಕನಿಗೆ ಹೆಸರಿಲ್ಲ. ಅವನ ಅಪ್ಪ ಸೇಲ್ಸ್‌ಮನ್. ಇರುವೆ ಸಾಲುಗಟ್ಟುವ ಚಿಕ್ಕ ಬಾಡಿಗೆ ಮನೆ. ಅಪ್ಪನ ಕೆಲಸ ಹೋಗುತ್ತದೆ. ಕೈಗೆ ಬಂದ ನಿವೃತ್ತಿಯ ಹಣವನ್ನು ಚಿಕ್ಕಪ್ಪನ ಹೊಸ ಮಸಾಲೆ ವ್ಯಾಪಾರಕ್ಕೆ ಹಾಕುತ್ತಾರೆ. ಮೂಟೆಗಟ್ಟಲೆ ಕೊಂಡು, ಸಣ್ಣ ಪೊಟ್ಟಣ ಮಾಡಿ ಅಂಗಡಿಗಳಿಗೆ ಹಾಕುವ 'ಸೋನಾ ಮಸಾಲಾ' ಏರುತ್ತದೆ, ಮನೆ ದೊಡ್ಡದಾಗುತ್ತದೆ. ನಿರೂಪಕನಿಗೆ ಕಂಪನಿಯಲ್ಲಿ ಡೈರೆಕ್ಟರ್ ಎಂಬ ಹುದ್ದೆ. ಮಾಡಲು ಕೆಲಸವಿಲ್ಲ, ತಿಂಗಳು ತಿಂಗಳು ಸಂಬಳ ಮಾತ್ರ ಬರುತ್ತದೆ. ಅವನು ಕಾಫಿ ಹೌಸಿನಲ್ಲಿ ಕೂತು ಮಾಣಿ ವಿನ್ಸೆಂಟನ ಒಂದೊಂದು ಮಾತಿಗೂ ದೊಡ್ಡ ಅರ್ಥ ಹುಡುಕುತ್ತಾನೆ. ಹೊರಗಿನಿಂದ ಬಂದ ಹೆಂಡತಿ ಅನಿತಾ ಒಬ್ಬಳೇ ಈ ಏರ್ಪಾಡನ್ನು ಬಾಯಿಬಿಟ್ಟು ಪ್ರಶ್ನಿಸುತ್ತಾಳೆ.

ಈ ಕತೆಯ ನಡುಭಾಗದಲ್ಲಿ ಒಂದು ರಾತ್ರಿ ಇದೆ. ಅಪ್ಪನ ದಿನದ ವಸೂಲಿ ಲೆಕ್ಕ ತಾಳೆಯಾಗುವುದಿಲ್ಲ. ಇಡೀ ಮನೆ ಆತಂಕಕ್ಕೆ ಬೀಳುತ್ತದೆ, ಎಲ್ಲರೂ ಸೇರಿ ತಪ್ಪು ಹುಡುಕುತ್ತಾರೆ. ಸಾಮಾನ್ಯವಾಗಿ ಇದನ್ನು ಬಡತನದ ಒಗ್ಗಟ್ಟಿನ ಚಿತ್ರ ಎಂದು ಓದುತ್ತೇವೆ. ಬಡತನಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ ಅನ್ನಿಸುತ್ತದೆ: ಆ ರಾತ್ರಿ ಲೆಕ್ಕದ ಪುಸ್ತಕ ನಡುಮನೆಯಲ್ಲಿತ್ತು. ಮನೆ ಯಾವುದರ ಮೇಲೆ ನಿಂತಿದೆ, ಎಷ್ಟು ತಪ್ಪಿದರೆ ಬೀಳುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತಿತ್ತು. ಒಂದು ಸಾಮಾನು ಕೊಳ್ಳುವುದಾದರೂ ಎಲ್ಲರೂ ಕೂತು ಮಾತಾಡುತ್ತಿದ್ದರು.

ಸೋನಾ ಮಸಾಲಾ ಬಂದ ಮೇಲೆ ಹಣ ಹೆಚ್ಚಾಯಿತು, ಪುಸ್ತಕ ಕಾಣೆಯಾಯಿತು. ಲೆಕ್ಕ ಈಗ ಚಿಕ್ಕಪ್ಪನಿಗೆ ಮಾತ್ರ ಗೊತ್ತು. ಅಮ್ಮ, ಅಕ್ಕ ಮಾಲತಿ, ನಿರೂಪಕ ಎಲ್ಲರಿಗೂ ಬೇಕಾದಷ್ಟು ಸಿಗುತ್ತದೆ. ಯಾರಿಗೂ ಎಷ್ಟಿದೆ, ಎಲ್ಲಿಂದ ಬರುತ್ತದೆ ಎಂದು ಕೇಳುವ ಅಗತ್ಯವಿಲ್ಲ. ಆದ್ದರಿಂದಲೇ ಚಿಕ್ಕಪ್ಪನನ್ನು ಕಾಯುವುದು ಎಲ್ಲರ ಕೆಲಸವಾಗುತ್ತದೆ. ಅವನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರೇ ಬಾಯಿಗೆ ಬಂದಂತೆ ಬೈದು ಓಡಿಸುವ ಪ್ರಸಂಗ ಓದಿದವರಿಗೆ ಮರೆಯುವಂಥದ್ದಲ್ಲ. ಅಲ್ಲಿ ಅವರು ಕಾಯುತ್ತಿರುವುದು ಚಿಕ್ಕಪ್ಪನ ಮಾನವನ್ನಲ್ಲ, ತಮ್ಮ ಅನ್ನದ ಮೂಲವನ್ನು. ಲೆಕ್ಕ ಗೊತ್ತಿದ್ದವರು ಅಷ್ಟು ಹೆದರುವುದಿಲ್ಲ. ಲೆಕ್ಕ ಗೊತ್ತಿಲ್ಲದೆ ತಿನ್ನುವವರು ಕ್ರೂರಿಗಳಾಗುವುದು ಸುಲಭ. ಈ ಮನೆ ಕೆಟ್ಟದ್ದು ಹಣ ಒಳಗೆ ಬಂದ ದಿನವಲ್ಲ, ಪುಸ್ತಕ ನಡುಮನೆಯಿಂದ ಹೊರಗೆ ಹೋದ ದಿನ.

ಇನ್ನು ನಿರೂಪಕನ ವಿಷಯ. ಅವನನ್ನು ಸೋಮಾರಿ, ಹೇಡಿ ಎಂದು ತೀರ್ಪು ಕೊಟ್ಟು ಮುಗಿಸಬಹುದು. ಅನಿತಾ ಕೊಡುವ ತೀರ್ಪೂ ಹೆಚ್ಚು ಕಡಿಮೆ ಅದೇ. ಆದರೆ ಅವನು ಡೈರೆಕ್ಟರ್ ಆಗುತ್ತೇನೆ ಎಂದು ಹಟ ಹಿಡಿದವನಲ್ಲ. ಬೇಡ ಎಂದೂ ಹೇಳಲಿಲ್ಲ. ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೂರಿಸಿ ಕೇಳಿದಂತೆಯೂ ಕಾಣುವುದಿಲ್ಲ. ಕಾದಂಬರಿಯ ತುಂಬ ಅವನು ಮಾಡುವ ಏಕೈಕ ಕೆಲಸವೆಂದರೆ ಸುಮ್ಮನಿರುವುದು. ಆ ಸುಮ್ಮನಿರುವುದಕ್ಕೇ ಸಂಬಳ.

ಇದು ಸಾಹಿತ್ಯದ ಉತ್ಪ್ರೇಕ್ಷೆ ಎನ್ನುವವರು 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 30ನೇ ಕಲಮನ್ನು ನೋಡಬೇಕು. ಅಪ್ರಾಪ್ತ ವಯಸ್ಕ ಪಾಲುದಾರನಾಗುವಂತಿಲ್ಲ. ಆದರೆ ಉಳಿದ ಪಾಲುದಾರರೆಲ್ಲ ಒಪ್ಪಿದರೆ ಅವನನ್ನು ಸಂಸ್ಥೆಯ ಲಾಭಕ್ಕೆ ಸೇರಿಸಿಕೊಳ್ಳಬಹುದು. ಹುಡುಗನಿಗೆ 18 ತುಂಬಿದ ಮೇಲೆ, ಅಥವಾ ತನ್ನನ್ನು ಹಾಗೆ ಸೇರಿಸಲಾಗಿದೆ ಎಂದು ಅವನಿಗೆ ಆಮೇಲೆ ತಿಳಿದರೆ ತಿಳಿದ ದಿನದಿಂದ, ಆರು ತಿಂಗಳೊಳಗೆ ತಾನು ಪಾಲುದಾರನಾಗುತ್ತೇನೋ ಇಲ್ಲವೋ ಎಂದು ಸಾರ್ವಜನಿಕ ಪ್ರಕಟಣೆ ಕೊಡಬಹುದು. ಏನೂ ಹೇಳದಿದ್ದರೆ? ಆರು ತಿಂಗಳು ಮುಗಿದ ಕೂಡಲೇ ಅವನು ಪಾಲುದಾರ. ಅಷ್ಟೇ ಅಲ್ಲ, ಅವನನ್ನು ಲಾಭಕ್ಕೆ ಸೇರಿಸಿಕೊಂಡ ದಿನದಿಂದ ಸಂಸ್ಥೆ ಮಾಡಿದ ವ್ಯವಹಾರಗಳಿಗೆಲ್ಲ ಹೊರಗಿನವರ ಮುಂದೆ ಅವನು ವೈಯಕ್ತಿಕವಾಗಿ ಹೊಣೆ. ಎಂಟು ವರ್ಷದವನಿದ್ದಾಗ ಅಪ್ಪ ಮಾಡಿದ ಸಾಲವೂ ಅದರಲ್ಲಿ ಬರಬಹುದು.

18 ತುಂಬುವ ವರ್ಷ ಎಂದರೆ ಕಾಲೇಜಿಗೆ ಅರ್ಜಿ ಹಾಕುವ ವರ್ಷ. ಒಬ್ಬ ಹುಡುಗ ಫಾರ್ಮು ತುಂಬಿಸುತ್ತ ಕೂತಿರುವ ಅದೇ ತಿಂಗಳುಗಳಲ್ಲಿ ಅವನ ಮೌನ ಇನ್ನೊಂದು ಕಾಗದಕ್ಕೆ ಸಹಿಯಾಗಿ ಬೀಳುತ್ತಿರುತ್ತದೆ. ಶಾನಭಾಗರು ಕಾಯಿದೆಯನ್ನು ಎಲ್ಲೂ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಮೌನವನ್ನು ಒಪ್ಪಿಗೆ ಎಂದು ಎಣಿಸುವ ಮನೆಯ ವಾತಾವರಣವನ್ನು ಅವರು ಕಟ್ಟಿದಷ್ಟು ನಿಖರವಾಗಿ ಕನ್ನಡದಲ್ಲಿ ಇನ್ನೊಬ್ಬರು ಕಟ್ಟಿದ್ದು ನನಗೆ ನೆನಪಿಲ್ಲ.

ಇಲ್ಲಿಯ ಒಂದು ಹೋಟೆಲ್ ಮನೆಯ ಹುಡುಗಿಗೆ ಈ ಪುಸ್ತಕದ ಇಂಗ್ಲಿಷ್ ಅನುವಾದ ಕೊಟ್ಟಿದ್ದೆ. ಮರಾಠಿ ಮಾಧ್ಯಮದಲ್ಲಿ ಕಲಿತವಳು. ಮನೆಯಲ್ಲಿ ಕುಂದಾಪುರದ ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ಎಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಅಣ್ಣ ಹನ್ನೆರಡು ಮುಗಿಸಿ ಗಲ್ಲಾದಲ್ಲಿ ಕೂತವನು. ಪುಸ್ತಕ ವಾಪಸು ಕೊಡುವಾಗ ಅವಳು ಹೇಳಿದ್ದು ಇಷ್ಟು: "ಅಂಕಲ್, ಅಣ್ಣಂಗೆ ಕಾಲೇಜು ತಪ್ಪಿತು, ನಂಗೆ ಹೋಟ್ಲು ತಪ್ಪಿತು. ಇಬ್ರನ್ನೂ ಯಾರೂ ಕೇಳ್ಲಿಲ್ಲ."

ಈ ಮಾತಿನ ಎರಡನೆಯ ತುಂಡನ್ನು ಗಮನಿಸಬೇಕು. ಹೋಟೆಲು ತಪ್ಪುವುದೂ ಒಂದು ನಷ್ಟ ಎಂದು ನಾವು ಎಣಿಸುವುದಿಲ್ಲ. ಮಗಳನ್ನು ಓದಿಸಿದರು ಎಂದರೆ ಪ್ರಗತಿಪರ ಮನೆ ಎಂದು ಮೆಚ್ಚುತ್ತೇವೆ. ಆದರೆ ಅನೇಕ ಮನೆಗಳಲ್ಲಿ ಮಗಳ ಕಾಲೇಜು ಎಂದರೆ ಅವಳ ಪಾಲಿನ ಇತ್ಯರ್ಥ. ಫೀಸು ಕಟ್ಟಿದ್ದಾಯಿತು, ವ್ಯಾಪಾರ ಮಗನದು. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಹಕ್ಕು ಕೊಟ್ಟಿತು ನಿಜ. ಆದರೆ ಪಾಲುದಾರಿಕೆ ಹುಟ್ಟುವುದು ಒಪ್ಪಂದದಿಂದ, ಹುಟ್ಟಿನಿಂದಲ್ಲ. ಕಾಯಿದೆಯೇ ಹಾಗೆ ಹೇಳುತ್ತದೆ. ಕರಾರುಪತ್ರದಲ್ಲಿ ಯಾರ ಹೆಸರು ಬರೆದರೋ ಅವರದು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಚಟ್ನಿಗೆ ಕಾಯಿ ತುರಿದ ಅಮ್ಮನ ಹೆಸರು ಅಲ್ಲಿ ಇರಬಹುದು, ಬಹುಪಾಲು ತೆರಿಗೆ ಉಳಿಸುವ ಕಾರಣಕ್ಕೆ. ಪುಸ್ತಕ ಅವಳ ಕೈಗೆ ಬಂದಿರುತ್ತದೆ ಎಂದು ಹೇಳಲಾಗದು.

'ಓದೋ, ಹೋಟೆಲೋ' ಎಂಬ ಈ ಕವಲು ಕನ್ನಡ ಕಾದಂಬರಿಗೆ ಹೊಸದಲ್ಲ. 1940ರ ದಶಕದ ಆರಂಭದಲ್ಲಿ ಬಂದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲೇ ಅದು ಅಕ್ಕಪಕ್ಕದ ಎರಡು ಮನೆಗಳಾಗಿ ನಿಂತಿದೆ. ಕಡಲ ತಡಿಯ ಊರಿನ ಶೀನ ಮಯ್ಯರ ಕಡೆಯವರು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ದುಡ್ಡು ಮಾಡುತ್ತಾರೆ. ಪುರೋಹಿತ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಓದಿಗೆ ಕಳಿಸುತ್ತಾರೆ. ಅನ್ನ ಮಾರುವುದನ್ನು ಮರ್ಯಾದೆಗೆ ಕಡಿಮೆ ಎಂದು ಎಣಿಸುತ್ತಿದ್ದ ಕಾಲ ಅದು. ಇಂಗ್ಲಿಷ್ ಓದಿದ ಮಗ ಮಯ್ಯರ ದುಡ್ಡಿಗೆ ಉತ್ತರವಾಗಬೇಕಿತ್ತು. ಆಗಲಿಲ್ಲ. ಲಚ್ಚ ಹಾಳಾಗಿ ಮನೆಯನ್ನೂ ಹಾಳು ಮಾಡಿದ.

ಇದನ್ನು 'ಓದು ಕೆಡಿಸಿತು' ಎಂದು ಓದುವವರಿದ್ದಾರೆ. 'ಹಣ ಕೆಡಿಸಿತು' ಎಂದು ಶಾನಭಾಗರನ್ನು ಓದುವ ಹಾಗೆಯೇ. ಎರಡೂ ಕಡೆ ನೋಡಬೇಕಾದದ್ದು ಒಂದೇ. ಲಚ್ಚನ ಓದಿಗೆ ನಿಜವಾಗಿ ಬೆಲೆ ಕೊಟ್ಟವರು ಯಾರು? ಐತಾಳರ ಹೆಂಡತಿ ಪಾರ್ವತಿ, ವಿಧವೆ ತಂಗಿ ಸರಸ್ವತಿ. ಗದ್ದೆ, ಹಿತ್ತಿಲು, ಒಲೆ, ಸೌದೆ ಎಂದು ಮೂರು ಹೊತ್ತೂ ಬೆನ್ನು ಬಗ್ಗಿಸಿದವರು. ಮಗನನ್ನು ಓದಿಸುವ ನಿರ್ಧಾರ ಐತಾಳರದು, ಖರ್ಚು ಇವರ ಮೈಯದು. ಆಮೇಲೆ ಅದೇ ಲೆಕ್ಕದ ಬಾಕಿ ಸೊಸೆ ನಾಗವೇಣಿಯ ತಲೆಗೆ ಬರುತ್ತದೆ. ಕಾರಂತರು ಇದನ್ನು ಪುಟಗಟ್ಟಲೆ ದುಡಿಮೆಯ ವಿವರಗಳಲ್ಲಿ ತೋರಿಸುತ್ತಾರೆ. ಒಬ್ಬನ ಕಾಲೇಜು ಇನ್ನೊಬ್ಬರ ದುಡಿಮೆಯಿಂದ ನಡೆಯುತ್ತದೆ ಎನ್ನುವುದನ್ನು ಅವರು ಸಿದ್ಧಾಂತವಾಗಿ ಹೇಳದೆ ಕಾಣುವಂತೆ ಮಾಡುತ್ತಾರೆ. ಈ ವಿಷಯದಲ್ಲಿ ಹಳೆಯ ಕಾದಂಬರಿ ಹೊಸದಕ್ಕಿಂತ ಮುಂದಿದೆ.

ಯಾಕೆಂದರೆ 'ಘಾಚರ್ ಘೋಚರ್'ನಲ್ಲಿ ದುಡಿಮೆ ಕಾಣುವುದಿಲ್ಲ. ಮಸಾಲೆಯ ಮೂಟೆ ಬಿಚ್ಚುವವರು, ತೂಗುವವರು, ಪೊಟ್ಟಣಕ್ಕೆ ಸೀಲು ಹಾಕುವವರು ಯಾರೂ ಹತ್ತಿರದಿಂದ ಕಾಣುವುದಿಲ್ಲ. ವ್ಯಾಪಾರವನ್ನು ಊಟದ ಮೇಜಿನಿಂದ ಮಾತ್ರ ನೋಡುತ್ತೇವೆ. ನಿರೂಪಕನಿಗೆ ಗೋದಾಮಿನ ಸಂಬಂಧವಿಲ್ಲ, ಹಾಗಾಗಿ ನಮಗೂ ಇಲ್ಲ ಎಂದು ಸಮರ್ಥಿಸಬಹುದು. ಕಲೆಯ ದೃಷ್ಟಿಯಿಂದ ಅದು ಸರಿಯೇ. ಆದರೂ ಒಂದು ಕೊರತೆ ಉಳಿಯುತ್ತದೆ. ಚಿಕ್ಕಪ್ಪನಿಗೆ ತನ್ನ ಕೆಲಸದಲ್ಲಿ ಖುಷಿ ಇತ್ತೇ? ಒಂದು ಅಂಗಡಿ ಗಿರಾಕಿಯಾಗಿ ಸಿಕ್ಕಿದ ದಿನ ಅವನಿಗೆ ಏನನ್ನಿಸಿತು? ಎರಡನೆಯ ದೋಸೆ ಕಾವಲಿ ಇಟ್ಟ ದಿನ, ಸ್ವಂತ ಬೋರ್ಡು ಏರಿದ ದಿನ ಹೋಟೆಲಿನವರ ಮುಖ ನೋಡಿದವರಿಗೆ ಗೊತ್ತು, ಅದು ಬರೀ ಹಣದಾಸೆಯ ಮುಖವಲ್ಲ. ಕನ್ನಡ ಕಾದಂಬರಿ ಈ ಖುಷಿಯನ್ನು ಬರೆದದ್ದು ಕಡಿಮೆ. ಬರೆಯುವವರು ಬಹುಪಾಲು ಕಾಲೇಜಿನ ಬಾಗಿಲಿನಿಂದ ಹೊರಬಂದವರು. ಅವರಿಗೆ ಗಲ್ಲಾ ಯಾವಾಗಲೂ ಆಚೆ ಬದಿಯಿಂದ, ಗಿರಾಕಿಯ ಕಡೆಯಿಂದ ಕಂಡಿದೆ.

ಹಾಗೆಂದು ಕಾಲೇಜಿನ ದಾರಿಯನ್ನೂ ನಮ್ಮ ಸಾಹಿತ್ಯ ಸುಖದ ದಾರಿಯೆಂದು ಬಣ್ಣಿಸಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ' (1979) ಇದಕ್ಕೆ ದೊಡ್ಡ ಸಾಕ್ಷಿ. ಚಿತ್ತಾಲರು ಹನೇಹಳ್ಳಿಯಿಂದ ಮುಂಬಯಿಗೆ ಬಂದು, ರಾಸಾಯನಿಕ ತಂತ್ರಜ್ಞಾನ ಓದಿ, ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಏರಿದವರು. ಅವರ ನಾಗಪ್ಪನೂ ಹಾಗೇ ಓದಿ ಮೇಲೆ ಬಂದವನು. ಒಂದು ದಿನ ಕಂಪನಿ ಅವನನ್ನು ಅಮಾನತಿನಲ್ಲಿಡುತ್ತದೆ. ಆರೋಪವೇನು, ಯಾರು ಹೊರಿಸಿದರು ಎಂಬುದೂ ಅವನಿಗೆ ಸ್ಪಷ್ಟವಿಲ್ಲ. ಗಮನಿಸಿ: ಇಲ್ಲೂ ಪುಸ್ತಕ ಬೇರೆ ಯಾರದೋ ಕೈಯಲ್ಲಿದೆ. ನಾಗಪ್ಪನಿಗೂ ಸೋನಾ ಮಸಾಲಾದ ಡೈರೆಕ್ಟರನಿಗೂ ನಡುವೆ ನಾವು ಎಣಿಸಿದಷ್ಟು ದೂರವಿಲ್ಲ. ಒಬ್ಬ ದುಡಿದು ಹೆದರುತ್ತಾನೆ, ಒಬ್ಬ ದುಡಿಯದೆ ಹೆದರುತ್ತಾನೆ. ಇಬ್ಬರಿಗೂ ತಮ್ಮ ಅನ್ನದ ಲೆಕ್ಕ ಗೊತ್ತಿಲ್ಲ. ಐಟಿ ಕಂಪನಿಯಲ್ಲಿ ಒಂದು ಬೆಳಿಗ್ಗೆ ಐಡಿ ಕಾರ್ಡು ಕೆಲಸ ಮಾಡದೇ ಹೋದದ್ದನ್ನು ಕಂಡಿರುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ 'ಓದಿದರೆ ಸ್ವತಂತ್ರ, ಅಂಗಡಿಯಲ್ಲಿ ಕೂತರೆ ಅಧೀನ' ಎಂಬ ಸರಳ ಪಾಠವನ್ನು ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದವರು ಹೇಳಲಾರರು.

ಇದೇ ಮಹಾರಾಷ್ಟ್ರದಲ್ಲಿ ನಮ್ಮವರು ಈ 'ಅಥವಾ'ವನ್ನೇ ಒಪ್ಪದೆ ಬದುಕಿದ ಒಂದು ಕಾಲವಿತ್ತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕಾಲ. ಮೊಗವೀರರ, ಬಿಲ್ಲವರ, ಬಂಟರ ಸಂಘಗಳು ನಡೆಸಿದ ಆ ಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕೂತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ಹಲವರು ಮುಂದೆ ಗುಮಾಸ್ತರಾದರು, ವಕೀಲರಾದರು, ಕೆಲವರು ಸ್ವಂತ ಹೋಟೆಲು ಇಟ್ಟರು. ಇನ್ನೊಂದು ಕಡೆ, ಅಡುಗೆಮನೆಯಲ್ಲೇ ಕಲಿತು ಮೇಲೆ ಬಂದವರೂ ಇದ್ದರು. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರ ಹೆಸರು ಇವತ್ತಿಗೂ ಊಟದ ಜೊತೆ ನೆನಪಾಗುತ್ತದೆ.

ಈ ಚರಿತ್ರೆಯನ್ನು ಹೆಮ್ಮೆಯ ಕತೆಯಾಗಿ ಹೇಳುವುದು ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ರೂಢಿ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ರಾತ್ರಿಶಾಲೆಗೆ ಹೋದವನು ಮಾಲೀಕನ ಮಗನಲ್ಲ, ಮಾಲೀಕನ ಕೆಲಸದ ಹುಡುಗ. ಅವನಿಗೆ 'ಓದೋ ವ್ಯಾಪಾರವೋ' ಎಂಬ ಆಯ್ಕೆ ಇರಲಿಲ್ಲ. ಎರಡನ್ನೂ ಮಾಡಿದ, ನಿದ್ದೆಯನ್ನು ಬಿಟ್ಟ. ಇಂದು ಅದೇ ಕೆಲಸ ಮಾಡುವ ಹುಡುಗ ಬಿಹಾರದಿಂದಲೋ ಒಡಿಶಾದಿಂದಲೋ ಬರುತ್ತಾನೆ, ಅವನಿಗಾಗಿ ನಾವು ಯಾವ ರಾತ್ರಿಶಾಲೆಯನ್ನೂ ತೆರೆದಿಲ್ಲ. ಮನೆಮಂದಿ ಕೂತು ಕಾಲೇಜೋ ಬ್ರಾಂಚೋ ಎಂದು ಚರ್ಚಿಸುವುದು ಒಂದು ತಲೆಮಾರಿನ ಗಳಿಕೆಯ ಮೇಲೆ ಕೂತು ಮಾಡುವ ಚರ್ಚೆ. ಆ ಚರ್ಚೆಯಲ್ಲಿ ಗಲ್ಲಾದ ಎದುರಿಗಿರುವವರೂ ಇದ್ದಾರೆ, ಹಿಂದಿರುವವರೂ ಇದ್ದಾರೆ. ಒಳಗೆ ಪಾತ್ರೆ ತೊಳೆಯುವವನು ಮಾತ್ರ ಯಾವ ಕಾದಂಬರಿಯಲ್ಲೂ ಇನ್ನೂ ಸರಿಯಾಗಿ ಬಂದಿಲ್ಲ. 'ಘಾಚರ್ ಘೋಚರ್'ನ ವಿನ್ಸೆಂಟನೂ ಬೇರೆಯವರ ಮನಸ್ಸಿಗೆ ಕನ್ನಡಿ ಹಿಡಿಯಲು ಬಂದವನೇ ಹೊರತು, ಅವನ ಮನೆಯ ಲೆಕ್ಕ ನಮಗೆ ಸಿಗುವುದಿಲ್ಲ.

ಮನೆಯವರೆಲ್ಲ ಸೇರಿ ವ್ಯಾಪಾರ ಮಾಡುವುದು ತಪ್ಪಲ್ಲ. ಎಷ್ಟೋ ಮನೆಗಳನ್ನು ಅದು ನಿಲ್ಲಿಸಿದೆ, ಎಷ್ಟೋ ಮಕ್ಕಳ ಫೀಸು ಕಟ್ಟಿದೆ. ಕೆಲಸ ಹೋದ ಅಪ್ಪನ ಹಣ ಸೋನಾ ಮಸಾಲಾಗೆ ಬೀಳದೆ ಇದ್ದಿದ್ದರೆ ಆ ಸಂಸಾರ ಇರುವೆಗಳ ಮನೆಯಲ್ಲೇ ಇರುತ್ತಿತ್ತು. ಗಂಡನನ್ನು ಬಿಟ್ಟು ಬಂದ ಮಾಲತಿಗೆ ತವರಿನಲ್ಲಿ ನಿಶ್ಚಿಂತೆಯಾಗಿರಲು ಆಗುತ್ತಿತ್ತೋ ಇಲ್ಲವೋ. ಹಣ ಅವರಿಗೆ ಒಳ್ಳೆಯದನ್ನೂ ಮಾಡಿದೆ. ಶಾನಭಾಗರ ಕಾದಂಬರಿಯನ್ನು ವ್ಯಾಪಾರದ ವಿರುದ್ಧ ಎತ್ತಿ ಹಿಡಿಯುವುದು ಕಾದಂಬರಿಗೂ ಅನ್ಯಾಯ, ವ್ಯಾಪಾರಕ್ಕೂ ಅನ್ಯಾಯ. ಅದು ತೋರಿಸುವುದು ಕೇಳುವುದನ್ನು ನಿಲ್ಲಿಸಿದ ಮನೆಯನ್ನು. ಅನಿತಾ ಹೊರಗಿನಿಂದ ಬಂದು ಕೇಳಿದಳು, ಅದಕ್ಕೇ ಅವಳು ಆ ಮನೆಗೆ ಅಪಾಯವಾಗಿ ಕಂಡಳು. ಕೊನೆಯ ಪುಟಗಳಲ್ಲಿ ಅವಳ ಬಗ್ಗೆ ಮನೆಯವರ ನಡುವೆ ಹಾದುಹೋಗುವ ಮಾತುಗಳು ಎದೆ ನಡುಗಿಸುವುದು ಇದೇ ಕಾರಣಕ್ಕೆ. ನಿರೂಪಕ ಅಲ್ಲೂ ಸುಮ್ಮನಿದ್ದಾನೆ.

ಈ ವರ್ಷ ಯಾರ ಮನೆಯಲ್ಲಿ ಈ ನಿರ್ಧಾರ ಬಾಕಿ ಇದೆಯೋ ಅವರಿಗೆ ಈ 'ಕತೆ' ಉತ್ತರ ಕೊಡುವುದಿಲ್ಲ. ಕಾಲೇಜು ಸರಿ ಎನ್ನುವುದಿಲ್ಲ, ಬ್ರಾಂಚು ಸರಿ ಎನ್ನುವುದಿಲ್ಲ. ಮೊದಲು ಕೇಳಬೇಕಾದ್ದನ್ನು ಮಾತ್ರ ಹೇಳಿಕೊಡುತ್ತದೆ. ಶಟರ್ ಎಳೆದ ಮೇಲೆ ನಡೆಯುವ ಆ ಮಾತಿಗೆ ಲೆಕ್ಕದ ಪುಸ್ತಕ ಬರಲಿ. ಸಾಲ ಎಷ್ಟು, ಬಾಡಿಗೆ ಕರಾರು ಎಲ್ಲಿಯವರೆಗೆ, ಯಾರ ಹೆಸರು ಎಲ್ಲಿದೆ, ಅಮ್ಮನ ದುಡಿಮೆಗೆ ಯಾವ ಕಾಲಮ್ಮು ಎಂದು ಹದಿನೆಂಟರ ಹುಡುಗನೂ ಹುಡುಗಿಯೂ ನೋಡಲಿ. ನೋಡಿದ ಮೇಲೆ ಬೇಕು ಎನ್ನಲಿ, ಬೇಡ ಎನ್ನಲಿ, ಬಾಯಿಬಿಟ್ಟು ಹೇಳಲಿ. ಕಾಯಿದೆ ಅದಕ್ಕೆ ಆರು ತಿಂಗಳು ಕೊಟ್ಟಿದೆ. ಮನೆಗಳು ಒಂದು ರಾತ್ರಿಯನ್ನಾದರೂ ಕೊಡಬಹುದು.